ಹಿಂದಿನ ಸಾಲಿನಲ್ಲಿ ನಿಂತವನು



ಡೊಂಬಿವಲಿಯಿಂದ ಬೆಳಗಿನ ಗಾಡಿ ಹಿಡಿಯುವವರಿಗೆ ದೇವರ ಧ್ಯಾನಕ್ಕೆ ಪುರುಸೊತ್ತೆಲ್ಲಿಯದು ಎಂದು ಮಿತ್ರರೊಬ್ಬರು ಕೇಳಿದರು. ಮಾತು ನಿಜವೇ. ಆದರೆ ನಮಗೆ ಕಚೇರಿಯ ಗಡಿಬಿಡಿಯ ಜೊತೆಗೆ ದೇವರ ಕೆಲಸದ ಗಡಿಬಿಡಿಯೂ ಉಂಟು. ಕಥೋಲಿಕ ಮನೆಯವರ ಭಾನುವಾರವೆಂದರೆ ಬಲಿಪೂಜೆ, ಮಕ್ಕಳ ಧರ್ಮೋಪದೇಶದ ತರಗತಿ, ಬಡವರ ನೆರವಿನ ಲೆಕ್ಕ, ಹಬ್ಬದ ಸಮಿತಿ. ಇಷ್ಟೆಲ್ಲ ಮಾಡುವ ನಮಗೆ ದೇವರೇ ಋಣಿಯೆಂಬ ಭಾವನೆ ಮನದ ಮೂಲೆಯಲ್ಲಿ ಯಾವಾಗ ಬಂದು ಕುಳಿತಿತೋ ತಿಳಿಯಲಿಲ್ಲ.

ತಿಳಿದದ್ದು ಹೀಗೆ. ಇಗರ್ಜಿಯ ವಾರ್ಷಿಕ ಹಬ್ಬಕ್ಕೆಂದು ಒಂಬತ್ತು ಸಂಜೆ ಓಡಾಡಿದ್ದೆವು. ಕುರ್ಚಿ ಎಣಿಸಿದ್ದು, ಶಾಮಿಯಾನದವನೊಡನೆ ಚೌಕಾಸಿ ಮಾಡಿದ್ದು ಎಲ್ಲ ನಾವೇ. ಕೊನೆಯ ದಿನ ವಂದನಾರ್ಪಣೆಯ ಪಟ್ಟಿ ಓದಿದರು. ನಮ್ಮ ಹೆಸರು ಬರಲಿಲ್ಲ. ಊಟಕ್ಕೂ ನಿಲ್ಲದೆ ಮನೆಗೆ ಬಂದೆವು. ಮನೆಯಾಕೆ ಎಲ್ಲವನ್ನೂ ಕೇಳಿ, "ಅಲ್ರೀ, ಒಂಬತ್ತು ದಿನ ಓಡಾಡಿದ್ದು ಯಾರಿಗೋಸ್ಕರ?" ಎಂದಳು. ಉತ್ತರ ಹೊಳೆಯಲಿಲ್ಲ.

ಮರುದಿನ ಕಚೇರಿಯಲ್ಲಿ ಮುಖ ಗಂಟಿಕ್ಕಿಕೊಂಡೇ ಕುಳಿತಿದ್ದೆವು. ಕಲ್ಯಾಣದ ಕಡೆಯ ವೃದ್ಧರೊಬ್ಬರು ಅರ್ಜಿ ಹಿಡಿದು ಬಂದರು. ಸಹಿ ತಪ್ಪು ಜಾಗದಲ್ಲಿತ್ತು. "ನಾಳೆ ಬನ್ನಿ" ಎಂದು ಕಾಗದವನ್ನು ಆಚೆಗೆ ತಳ್ಳಿದೆವು. ಅವರು ಕೈಮುಗಿದು, ತಪ್ಪಾಯಿತೆಂದು ಹೇಳಿ ಹೊರಟರು.

ಆ ಮುಗಿದ ಕೈ ಕಂಡಾಗ ಸಂತ ಲೂಕನ ಶುಭಸಂದೇಶದ 18ನೆಯ ಅಧ್ಯಾಯ ನೆನಪಾಯಿತು. ಇಬ್ಬರು ದೇವಾಲಯಕ್ಕೆ ಹೋಗುತ್ತಾರೆ. ಫರಿಸಾಯನು ತನ್ನ ಉಪವಾಸಗಳನ್ನೂ ಕೊಟ್ಟ ದಶಮಾಂಶವನ್ನೂ ದೇವರಿಗೆ ಎಣಿಸಿ ಹೇಳುತ್ತಾನೆ. ಸುಂಕದವನು ದೂರದಲ್ಲಿ ನಿಂತು, ಕಣ್ಣೆತ್ತದೆ, ಕರುಣೆ ಬೇಡುತ್ತಾನೆ. ನಾವೂ ಸರಕಾರದ ಕಾಗದ ಹೊರುವವರಾದ್ದರಿಂದ ಸುಂಕದವನೇ ನಮ್ಮವನೆಂದು ಇಷ್ಟು ವರ್ಷ ತಿಳಿದಿದ್ದೆವು. ಅಂದು ನೋಡಿದರೆ ನಾವು ಕುರ್ಚಿಗಳ ಲೆಕ್ಕ ಒಪ್ಪಿಸುವ ಫರಿಸಾಯರು! ಮೆಟ್ಟಿಲಿನವರೆಗೆ ಧಾವಿಸಿದೆವು, ವೃದ್ಧರು ಹೋಗಿಯಾಗಿತ್ತು.

ಮರುದಿನ ಅವರು ಬಂದಾಗ ಕುಳ್ಳಿರಿಸಿ ಕ್ಷಮೆ ಕೇಳಿದೆವು. ಕೆಲಸ ಹತ್ತೇ ನಿಮಿಷದ್ದು. ಅದಕ್ಕಾಗಿ ಅವರು ಎರಡು ದಿನ ಗಾಡಿಯ ನೂಕುನುಗ್ಗಲು ಅನುಭವಿಸಿದ್ದರು. ಹೋಗುವಾಗ ನಾಲ್ಕು ಸಲ ಉಪಕಾರ ಸ್ಮರಿಸಿದರು. ಪಟ್ಟಿಯಲ್ಲಿ ಹೆಸರಿಲ್ಲವೆಂದು ಮುನಿದಿದ್ದ ನಮಗೆ ಅದನ್ನು ಕೇಳಿಸಿಕೊಳ್ಳಲು ನಾಚಿಕೆಯಾಯಿತು.

ನಮ್ಮ ಕನ್ನಡ ಕರಾವಳಿಯವರಿಗೆ ಸಂತ ಜೋಸೆಫ್ ವಾಜರು ಹೊಸಬರಲ್ಲ. ಗೋವೆಯ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಈ ಗುರುಗಳು 1681ರಿಂದ 1684ರವರೆಗೆ ಕೆನರಾ ಸೀಮೆಯಲ್ಲಿ ಸೇವೆ ಮಾಡಿದರು. ಮಂಗಳೂರಿನ ಹತ್ತಿರದ ಮುಡಿಪುವಿನಲ್ಲಿ ಇಂದಿಗೂ ಅವರ ಸ್ಮರಣೆಯ ಪುಣ್ಯಕ್ಷೇತ್ರವಿದೆ. ಇಲ್ಲಿ ಅಧಿಕಾರದ ಸ್ಥಾನದಲ್ಲಿದ್ದವರು, 1687ರಲ್ಲಿ ಸಿಂಹಳಕ್ಕೆ ಹೋದದ್ದು ಬಡವನ ವೇಷದಲ್ಲಿ. ಡಚ್ಚರ ಆಳ್ವಿಕೆಯಲ್ಲಿ ಅಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿದಾಗ, ಮನೆಯವರೇ ಬಿಟ್ಟುಹೋದ ರೋಗಿಗಳ ಶುಶ್ರೂಷೆ ಮಾಡಿದರು. ಅಲ್ಲಿಯೇ 1711ರಲ್ಲಿ ತೀರಿಕೊಂಡರು. ಧರ್ಮಸಭೆ ಅವರನ್ನು ಸಂತರೆಂದು ಸಾರಿದ್ದು 2015ರಲ್ಲಿ, ಮುನ್ನೂರು ವರ್ಷಗಳ ಮೇಲೆ. ನಮಗೋ ಒಂದು ಸಂಜೆ ತಡೆಯಲಾಗಲಿಲ್ಲ! ಬಿಜ್ಜಳನ ಭಂಡಾರ ನೋಡಿಕೊಂಡಿದ್ದ ಬಸವಣ್ಣನವರೂ ಶರಣರ ಮುಂದೆ ತಮ್ಮನ್ನು ಚಿಕ್ಕವರೆಂದೇ ಎಣಿಸಿದರಲ್ಲವೆ? ವಿನಯವೆಂಬುದು ಯಾವುದೇ ಒಂದು ಮತದವರ ಸೊತ್ತಲ್ಲ.

ಹಾಗೆಂದು ಕೆಲಸ ಬಿಟ್ಟು ಕುಳಿತುಕೊಳ್ಳಬೇಕಿಲ್ಲ. ನಾವು ಎರಡು ಸಣ್ಣ ಅಭ್ಯಾಸ ಮಾಡಿಕೊಂಡಿದ್ದೇವೆ. ಬೆಳಗ್ಗೆ ಮುಂಬ್ರಾ ದಾಟಿದ ಮೇಲೆ ಠಾಣೆ ಬರುವವರೆಗೆ, ಗಾಡಿಯ ಸರಳಿಗೆ ಜೋತುಬಿದ್ದುಕೊಂಡೇ, ಆ ಸುಂಕದವನ ಬೇಡಿಕೆಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇವೆ. ರಾತ್ರಿ ಜಪಸರ ಮುಗಿದ ಮೇಲೆ, ಇಂದು ಏನೇನು ಮಾಡಿದೆವೆಂದು ಎಣಿಸದೆ, ಯಾರನ್ನು ಸುಮ್ಮನೆ ಕಾಯಿಸಿದೆವೆಂದು ನೆನೆಯುತ್ತೇವೆ. ಎರಡಕ್ಕೂ ಸೇರಿ ಕಾಲು ಗಂಟೆಯೂ ಬೇಡ.

ಈ ವರ್ಷವೂ ಹಬ್ಬ ಬರುತ್ತದೆ, ಕುರ್ಚಿ ಎಣಿಸುವವರು ಬೇಕೇ ಬೇಕು. ನಾವು ಒಪ್ಪಿಕೊಂಡಿದ್ದೇವೆ. ಪಟ್ಟಿ ಓದುವ ಹೊತ್ತಿಗೆ ಪಾತ್ರೆ ತೊಳೆಯುವವರ ಬಳಿ ಇರಬೇಕೆಂದು ಮನೆಯಾಕೆಯ ಅಪ್ಪಣೆಯಾಗಿದೆ.