ಬದುಕಿನ ನೆರಳಿನಲ್ಲಿ ಬರಹ: ಜೀನ್ ರೀಸ್ ಕಾದಂಬರಿಗಳ ಓದು

ಜೀನ್ ರೀಸ್ (1890–1979) ಅವರ ಕುರಿತು ನಮ್ಮ ವಿಚಾರ ಸಂಕಿರಣಗಳಲ್ಲಿ ನಡೆಯುವ ಮಾತು ಬಹುಮಟ್ಟಿಗೆ ಒಂದೇ ಕೃತಿಯಲ್ಲಿ ತೊಡಗಿ ಅಲ್ಲಿಯೇ ಮುಗಿಯುತ್ತದೆ. 1966ರಲ್ಲಿ ಪ್ರಕಟವಾದ ‘ವೈಡ್ ಸರ್ಗ್ಯಾಸೊ ಸೀ’ ವಸಾಹತೋತ್ತರ ಚಿಂತನೆಗೆ ಒದಗಿಬಂದ ಪಠ್ಯವಾದ್ದರಿಂದ ಇದು ಸಹಜವೇ. ಆದರೆ 1928ರಿಂದ 1939ರವರೆಗೆ ಅವರು ಪ್ರಕಟಿಸಿದ ನಾಲ್ಕು ಕಾದಂಬರಿಗಳನ್ನು, ಲೇಖಕಿಯ ಬದುಕೇ ಇಲ್ಲಿ ಕಥೆಯಾಗಿದೆ ಎಂಬ ಒಂದು ವಾಕ್ಯದಿಂದ ಬದಿಗೆ ಸರಿಸುವುದನ್ನು ಒಪ್ಪಲಾಗದು.

ಸಾಮ್ಯಗಳಿವೆ, ನಿಜ. ಕೆರಿಬಿಯನ್ ದ್ವೀಪವಾದ ಡೊಮಿನಿಕದಲ್ಲಿ ವೇಲ್ಸ್ ಮೂಲದ ವೈದ್ಯರ ಮಗಳಾಗಿ ಹುಟ್ಟಿದ ರೀಸ್ 1907ರಲ್ಲಿ ಇಂಗ್ಲೆಂಡಿಗೆ ಬಂದು, ನಾಟಕ ತಂಡವೊಂದರ ಮೇಳದ ಹುಡುಗಿಯಾಗಿ ಊರೂರು ಸುತ್ತಿದರು. ‘ವಾಯೇಜ್ ಇನ್ ದ ಡಾರ್ಕ್’ (1934) ಕಾದಂಬರಿಯ ಅನ್ನಾ ಮಾರ್ಗನ್ ಕೂಡ ವೆಸ್ಟ್ ಇಂಡೀಸಿನಿಂದ ಬಂದವಳು, ಅದೇ ವೃತ್ತಿಯವಳು. ಲೇಖಕಿಯ ಹಳೆಯ ದಿನಚರಿಯೇ ಕೃತಿಗೆ ಆಧಾರ.

ಆದರೆ ಈ ಕಾದಂಬರಿಯ ಅಂತ್ಯವನ್ನು ಗಮನಿಸಬೇಕು. ರೀಸ್ ಮೊದಲು ಬರೆದ ರೂಪದಲ್ಲಿ ಗರ್ಭಪಾತದ ಬಳಿಕ ಅನ್ನಾ ಸಾಯುತ್ತಾಳೆ. ಪ್ರಕಾಶಕರು ಒಪ್ಪಲಿಲ್ಲ. ರೀಸ್ ಮನಸ್ಸಿಲ್ಲದೆ ತಿದ್ದಿದರು. ಅಚ್ಚಾದ ಕೃತಿಯಲ್ಲಿ ಅನ್ನಾ ಉಳಿಯುತ್ತಾಳೆ. ಲೇಖಕಿಯಂತೂ ಬದುಕಿ, ನಲವತ್ತು ದಾಟಿ, ಆ ಪುಟಗಳನ್ನು ಬರೆಯುತ್ತಿದ್ದರು. ಅಂದರೆ ಪ್ರಕಾಶಕರು ಕೇಳಿದ ಅಂತ್ಯವೇ ಆತ್ಮಕಥೆಗೆ ಹತ್ತಿರವಾದದ್ದು! ರೀಸ್ ಬಯಸಿದ್ದು ಇನ್ನೊಂದನ್ನು. ಲಂಡನ್ನಿನ ಚಳಿಯ ಕೋಣೆಯೊಳಕ್ಕೆ ದ್ವೀಪದ ಬಿಸಿಲು, ಬಾಲ್ಯದಲ್ಲಿ ಕಂಡ ಕಾರ್ನಿವಲ್ಲಿನ ಮುಖವಾಡಗಳು ಯಾವ ಮುನ್ಸೂಚನೆಯೂ ಇಲ್ಲದೆ ನುಗ್ಗುವ ನಿರೂಪಣೆ ಎತ್ತ ಸಾಗುತ್ತಿದೆಯೆಂಬುದು ಅವರಿಗೆ ತಿಳಿದಿತ್ತು. ಅದು ರೂಪದ ನಿರ್ಧಾರ, ನೆನಪಿನ ನಕಲಲ್ಲ.

‘ಗುಡ್ ಮಾರ್ನಿಂಗ್, ಮಿಡ್‌ನೈಟ್’ (1939) ಕೃತಿಯಲ್ಲಿ ಪ್ಯಾರಿಸ್ಸಿನ ಹೋಟೆಲು ಕೋಣೆಗಳ ನಡುವೆ ಸಾಶಾಳ ಗತ, ವರ್ತಮಾನಗಳು ಬೆರೆಯುವ ಬಗೆ ಇನ್ನೂ ಬಿಗಿಯಾದುದು. ಲೇಖಕನೊಬ್ಬ ಹೀಗೆ ಬರೆದರೆ ಪ್ರಜ್ಞಾಪ್ರವಾಹ ತಂತ್ರವೆನ್ನುತ್ತೇವೆ; ಲೇಖಕಿ ಬರೆದರೆ ಅನುಭವದ ಪ್ರಾಮಾಣಿಕತೆಯೆನ್ನುತ್ತೇವೆ. (ಎಂ.ಎ. ತರಗತಿಯ ನನ್ನ ಟಿಪ್ಪಣಿಯಲ್ಲೂ ಇದೇ ಮಾತಿದೆ.)

ಇದು ಇಂಗ್ಲಿಷ್ ವಿಭಾಗದವರ ಸಮಸ್ಯೆಯಷ್ಟೇ ಅಲ್ಲ. ‘ಬದುಕು-ಬರಹ’ ಎಂಬ ಚೌಕಟ್ಟು ನಮ್ಮ ಪಿಎಚ್.ಡಿ. ಪ್ರಬಂಧಗಳಲ್ಲಿ ಎಷ್ಟು ಗಟ್ಟಿಯಾಗಿ ಕುಳಿತಿದೆಯೆಂದರೆ, ಲೇಖಕಿಯ ಮದುವೆ, ಮಕ್ಕಳು, ಕಾಯಿಲೆಗಳ ವಿವರ ಮೊದಲ ಅಧ್ಯಾಯದಲ್ಲಿ ಮುಗಿಯದೆ ಕೊನೆಯ ಅಧ್ಯಾಯದವರೆಗೂ ಕೃತಿಗಳಿಗೆ ಅರ್ಥ ಹೇಳುತ್ತಿರುತ್ತದೆ. ಕನ್ನಡ ಲೇಖಕಿಯರ ಕಾದಂಬರಿಗಳ ಕುರಿತ ನನ್ನ ಪ್ರಬಂಧದ ಸಾರಲೇಖದಲ್ಲಿಯೂ ಮೊದಲ ಅಧ್ಯಾಯದ ಹೆಸರು ‘ಬದುಕು’ ಎಂದೇ ಇತ್ತು. ಈಗ ಅದನ್ನು ಅನುಬಂಧಕ್ಕೆ ಕಳುಹಿಸಿದ್ದೇನೆ. ಮಾರ್ಗದರ್ಶಕರು ಇನ್ನೂ ಒಪ್ಪಿಲ್ಲ.