ಜ್ವರ ಇಳಿದರೆ ರೋಗ ಹೋದಂತಲ್ಲ

ಮಳೆಗಾಲ ಮುಗಿಯುತ್ತ ಬಂದಂತೆ ಶ್ರೀಮಠಕ್ಕೆ ಬರುವ ಭಕ್ತರಲ್ಲಿ ‘ಚಳಿಜ್ವರ ಬಂದಿತ್ತು, ತಾನಾಗಿಯೇ ಬಿಟ್ಟಿತು’ ಎನ್ನುವವರು ಸಿಗುತ್ತಾರೆ. ‘ಮಲೇರಿಯಾ ನಮಗೆ ಹಿಂದೆಯೂ ಆಗಿದೆ, ಮೈ ಒಗ್ಗಿಕೊಂಡಿದೆ’ ಎಂದು ಧೈರ್ಯ ಹೇಳುವ ಹಿರಿಯರೂ ಇದ್ದಾರೆ. ಈ ಎರಡು ಮಾತುಗಳನ್ನೂ ನಾವು ಒಪ್ಪುವುದಿಲ್ಲ.

ದಡಾರ ಒಮ್ಮೆ ಬಂದು ಹೋದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ನಮ್ಮ ರೋಗನಿರೋಧಕ ಶಕ್ತಿಯು ಅದರ ಗುರುತನ್ನು ಮರೆಯದೆ ಇಟ್ಟುಕೊಳ್ಳುತ್ತದೆ. ಮಲೇರಿಯಾದ ರೋಗಾಣು ಅಷ್ಟು ಸರಳವಲ್ಲ. ಅದರಲ್ಲಿ ಅತ್ಯಂತ ಅಪಾಯಕಾರಿಯಾದ ಫಾಲ್ಸಿಪ್ಯಾರಮ್ ಎಂಬ ಬಗೆಯು ಕೆಂಪು ರಕ್ತಕಣದೊಳಗೆ ಸೇರಿಕೊಂಡ ಮೇಲೆ, ತಾನು ತಯಾರಿಸಿದ ಪ್ರೋಟೀನೊಂದನ್ನು ಆ ಕಣದ ಹೊರಮೈಗೆ ತಂದು ನಿಲ್ಲಿಸುತ್ತದೆ. ಆ ಪ್ರೋಟೀನಿನ ಬಲದಿಂದ ರಕ್ತಕಣವು ರಕ್ತನಾಳದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಕೆಟ್ಟ ಕಣಗಳನ್ನು ಸೋಸಿ ನಾಶಮಾಡುವ ಗುಲ್ಮದತ್ತ ಅದು ಹೋಗುವುದೇ ಇಲ್ಲ. ಹೀಗೆ ಅಂಟಿಕೊಳ್ಳುವುದು ಮಿದುಳಿನ ಸೂಕ್ಷ್ಮ ನಾಳಗಳಲ್ಲಾದರೆ ರೋಗಿಯು ಪ್ರಜ್ಞೆ ತಪ್ಪುವನು, ಪ್ರಾಣವೂ ಹೋಗಬಹುದು.

ಹೊರಗೆ ಕಾಣುವಂತೆ ನಿಂತ ಪ್ರೋಟೀನನ್ನು ದೇಹವು ಗುರುತಿಸದೆ ಬಿಡುವುದಿಲ್ಲ. ಅದಕ್ಕೆ ತಕ್ಕ ಪ್ರತಿಕಾಯಗಳು ಹುಟ್ಟಿ, ರೋಗಾಣುಗಳ ಬಹುಪಾಲು ನಾಶವಾಗುತ್ತದೆ, ಜ್ವರ ಇಳಿಯುತ್ತದೆ. ಆದರೆ ಈ ಪ್ರೋಟೀನನ್ನು ರೂಪಿಸುವ ಸುಮಾರು 60 ಜೀನುಗಳು ರೋಗಾಣುವಿನಲ್ಲಿವೆ. ಒಮ್ಮೆಗೆ ಬಳಸುವುದು ಒಂದನ್ನು ಮಾತ್ರ. ಅಷ್ಟರಲ್ಲಿ ಬೇರೊಂದು ಜೀನನ್ನು ಬಳಸತೊಡಗಿದ ಕೆಲವು ಉಳಿದುಕೊಂಡು ಮತ್ತೆ ವೃದ್ಧಿಸುತ್ತವೆ. ನಮ್ಮ ಹಗಲುವೇಷಗಾರರು ದಿನಕ್ಕೊಂದು ವೇಷ ಕಟ್ಟಿ ಊರನ್ನು ರಂಜಿಸುವರು. ಇದು ವೇಷ ಬದಲಿಸಿ ಮನೆಯನ್ನೇ ಹಾಳುಮಾಡುವ ಜಾತಿಯದು. ಈ ಜೀನುಗಳ ಗುಂಪು ವಿಜ್ಞಾನಿಗಳಿಗೆ ತಿಳಿದದ್ದು 1995ರಷ್ಟು ಈಚೆಗೆ.

ಮೈ ಒಗ್ಗುತ್ತದೆ ಎಂಬುದು ಪೂರ್ತಿ ಸುಳ್ಳಲ್ಲ. ಆಫ್ರಿಕಾದ ಕೆಲವು ಸೀಮೆಗಳಲ್ಲಿ ಬಾಲ್ಯದಿಂದ ಮತ್ತೆ ಮತ್ತೆ ಸೋಂಕಿಗೆ ಒಳಗಾದವರು ಹಲವು ವೇಷಗಳನ್ನು ಕಂಡು ಒಂದಿಷ್ಟು ರಕ್ಷಣೆ ಪಡೆಯುತ್ತಾರೆ. ಆದರೆ ಆ ಊರು ಬಿಟ್ಟು ಕೆಲವು ವರ್ಷ ಕಳೆದರೆ ಅದೂ ಕುಗ್ಗುತ್ತದೆ. ಎಂದೋ ಒಮ್ಮೆ ಜ್ವರ ಕಂಡ ನಮ್ಮವರಿಗೆ ಆ ಭರವಸೆ ಎಲ್ಲಿಯದು?

ಗರ್ಭಿಣಿಯರ ವಿಷಯ ಇನ್ನೂ ಗಂಭೀರ. ಈ ವೇಷಗಳಲ್ಲಿ ಒಂದು ಅಂಟಿಕೊಳ್ಳುವುದು ಮಾಸಿಗೆ. ಮೊದಲ ಬಸಿರಿಗೆ ಮುನ್ನ ಹೆಣ್ಣಿನ ದೇಹದಲ್ಲಿ ಮಾಸೇ ಇರುವುದಿಲ್ಲವಾದ್ದರಿಂದ, ಹಲವು ಬಾರಿ ಮಲೇರಿಯಾ ಕಂಡವಳಿಗೂ ಈ ವೇಷದ ಪರಿಚಯವಿರುವುದಿಲ್ಲ. ಮಲೇರಿಯಾ ಹೆಚ್ಚಿರುವ ನಾಡುಗಳಲ್ಲಿ ಚೊಚ್ಚಲು ಬಸಿರಿಯರೇ ಹೆಚ್ಚು ನರಳುವುದು ಇದರಿಂದ. ತಾಯಿಗೆ ರಕ್ತಹೀನತೆ, ಕೂಸಿಗೆ ಕಡಿಮೆ ತೂಕ. ತವರಿಗೆ ಬಂದ ಮಗಳಿಗೆ ಚಳಿಜ್ವರ ಬಂದರೆ ಕಷಾಯ ಕುಡಿಸಿ ಎರಡು ದಿನ ಕಾಯುವುದು ಸಲ್ಲದು.

ವೈವ್ಯಾಕ್ಸ್ ಎಂಬ ಇನ್ನೊಂದು ಬಗೆಯು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರ ಎದ್ದು ಬರುತ್ತದೆ. ಅದಕ್ಕೆ ಮೂರು ದಿನದ ಕ್ಲೋರೋಕ್ವಿನ್ ಜೊತೆಗೆ 14 ದಿನಗಳ ಪ್ರೈಮಾಕ್ವಿನ್ ಕೊಡುವುದು ರೂಢಿ. ಮೂರನೆಯ ದಿನಕ್ಕೆ ಜ್ವರ ಬಿಟ್ಟೊಡನೆ ಉಳಿದ ಮಾತ್ರೆಗಳು ಗೂಡಿನಲ್ಲಿ ಉಳಿಯುವುದೇ ಹೆಚ್ಚು! ಗರ್ಭಿಣಿಯರಿಗೆ ಪ್ರೈಮಾಕ್ವಿನ್ ಕೊಡುವಂತಿಲ್ಲ. ಆದ್ದರಿಂದ ಮನೆಯಲ್ಲಿ ಉಳಿದ ಮಾತ್ರೆಯನ್ನು ಮತ್ತೊಬ್ಬರಿಗೆ ಹಂಚಬಾರದು.

ಲಸಿಕೆಯೂ ಬಂದಿದೆ. 2021ರಲ್ಲಿ ಒಂದಕ್ಕೆ, 2023ರಲ್ಲಿ ಪುಣೆಯಲ್ಲಿ ತಯಾರಾಗುವ ಮತ್ತೊಂದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸಮ್ಮತಿಸಿತು. ಇವೆರಡೂ ಗುರಿಯಿಡುವುದು ಸೊಳ್ಳೆಯಿಂದ ಆಗಷ್ಟೇ ಇಳಿದ ರೋಗಾಣುವಿನ ಹೊರಕವಚದ ಪ್ರೋಟೀನಿನ ಮೇಲೆ, ಅಂದರೆ ವೇಷ ಬದಲಿಸುವ ಘಟ್ಟಕ್ಕೆ ಮುನ್ನ. ಆದರೆ ಅವು ಮಲೇರಿಯಾ ಬಾಧೆಯಿರುವ ನಾಡುಗಳ ಮಕ್ಕಳಿಗಾಗಿ ಇರುವಂಥವು.

ಜ್ವರ ಬಂದವರ ಹಣೆಗೆ ಪೂಜ್ಯರು ವಿಭೂತಿಯಿಟ್ಟು ಹರಸಲಿ. ಅದರೊಡನೆ ಒಂದು ಹನಿ ರಕ್ತವೂ ಪರೀಕ್ಷೆಗೆ ಹೋಗಲಿ. ಮಠಗಳ ಆರೋಗ್ಯ ಶಿಬಿರಗಳಲ್ಲಿ ಟಾನಿಕ್ ಹಂಚುವುದಕ್ಕಿಂತ ರಕ್ತಲೇಪನ ಪರೀಕ್ಷೆಯ ಮೇಜೊಂದನ್ನು ಇಡುವುದು ಮೇಲೆಂದು ನಮ್ಮ ಅಭಿಪ್ರಾಯ. ದುಡಿಮೆಗೆ ಮಂಗಳೂರು, ಮುಂಬಯಿಗಳಿಗೆ ಹೋಗಿ ಜಾತ್ರೆಗೆಂದು ಮರಳುವ ಭಕ್ತರ ರಕ್ತವನ್ನು ಅಲ್ಲಿ ಮೊದಲು ಪರೀಕ್ಷಿಸುವಂತಾಗಬೇಕೆಂದು ಶ್ರೀಗಳವರಲ್ಲಿ ಬಿನ್ನವಿಸಿಕೊಳ್ಳುತ್ತೇವೆ.