ಬ್ಯಾಡ ಎನ್ನುವ ನಾಲಿಗೆಗೂ ಬಸ್ಸಾರಿನಲ್ಲಿ ದಾರಿಯಿದೆ

ಹೊಸದುರ್ಗ ತಾಲ್ಲೂಕಿನಲ್ಲಿ ಸಾವೆ ಬೆಳೆಯುವ ಮನೆಗಳಲ್ಲೇ ಸಾವೆ ಅನ್ನ ಮುಟ್ಟದ ಮಕ್ಕಳಿದ್ದಾರೆ. ಹಿರಿಯೂರಿನ ಸುತ್ತ ಶೇಂಗಾ, ಹೊಳಲ್ಕೆರೆ ಕಡೆ ತೆಂಗು, ಚಿತ್ರದುರ್ಗ ಜಿಲ್ಲೆಯುದ್ದಕ್ಕೂ ರಾಗಿ, ಈರುಳ್ಳಿ, ದಾಳಿಂಬೆ. ಇಷ್ಟೆಲ್ಲ ಬೆಳೆಯುವ ಸೀಮೆಯಲ್ಲಿ ಬಿಳಿ ಅನ್ನ, ತಿಳಿಸಾರು, ಹಪ್ಪಳ ಬಿಟ್ಟು ಬೇರೇನೂ ಒಲ್ಲೆ ಎನ್ನುವವರು ಮನೆಗೊಬ್ಬರಂತೆ ಸಿಗುತ್ತಾರೆ. ಕ್ಯಾರೆಟ್, ಬೀನ್ಸ್, ಕರಿಬೇವು ತಟ್ಟೆಯ ಅಂಚಿಗೆ ಸರಿಯುತ್ತವೆ. ಅಮ್ಮ ಬೈಯುತ್ತಾಳೆ, ಅಜ್ಜಿ ಪುಸಲಾಯಿಸುತ್ತಾಳೆ, ಅಪ್ಪ ಕಣ್ಣು ಕೆಂಪು ಮಾಡುತ್ತಾನೆ. ಮರುದಿನ ಮತ್ತದೇ ಕಥೆ.

ಇದನ್ನು ಹಟ ಎಂದು ತಳ್ಳಿಹಾಕುವುದು ಅನ್ಯಾಯ. ಎರಡರಿಂದ ಆರು ವರ್ಷದ ನಡುವೆ ಹೊಸ ತಿನಿಸಿನ ಬಗ್ಗೆ ಮಕ್ಕಳಲ್ಲಿ ಅಂಜಿಕೆ ಹೆಚ್ಚುವುದು ಸಹಜ. ಕಹಿ ಎಲ್ಲರಿಗೂ ಒಂದೇ ತೆರನಾಗಿ ತಾಕುವುದಿಲ್ಲ ಎಂಬುದು 1931ರಲ್ಲೇ ಬೆಳಕಿಗೆ ಬಂತು. ಅಮೆರಿಕದ ರಸಾಯನ ವಿಜ್ಞಾನಿ ಆರ್ಥರ್ ಫಾಕ್ಸ್ ಅವರ ಪ್ರಯೋಗಾಲಯದಲ್ಲಿ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿದಾಗ ಜೊತೆಗಿದ್ದವರಿಗೆ ಬಾಯೆಲ್ಲ ಕಹಿಯಾಯಿತು, ಫಾಕ್ಸ್ ಅವರಿಗೆ ಏನೂ ಅನಿಸಲಿಲ್ಲ. ಆ ವ್ಯತ್ಯಾಸಕ್ಕೆ ಹುಟ್ಟಿನಿಂದ ಬರುವ ಜೀನ್ ಕಾರಣ ಎಂದು ಆಮೇಲೆ ಗೊತ್ತಾಯಿತು. ಹಾಗಲಕಾಯಿ, ಮೆಂತ್ಯಸೊಪ್ಪು ಕಂಡು ಮುಖ ಸಿಂಡರಿಸುವ ಮಗುವಿಗೆ ಅದು ನಿಜವಾಗಿಯೂ ಹೆಚ್ಚು ಕಹಿಯಾಗಿರಬಹುದು.

ಆದರೆ ಹುಟ್ಟಿದ ನಾಲಿಗೆ ಹಾಗೇ ಉಳಿಯಬೇಕಿಲ್ಲ. ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸಿರಿನಲ್ಲೋ ಬಾಣಂತನದಲ್ಲೋ ಕ್ಯಾರೆಟ್ ರಸ ಕುಡಿದ ತಾಯಂದಿರ ಕೂಸುಗಳು ಕ್ಯಾರೆಟ್ ರುಚಿಯ ಗಂಜಿಯನ್ನು ಕಡಿಮೆ ತಕರಾರಿನಿಂದ ತಿಂದವು. ಬಾಣಂತಿಗೆ ಸೊಪ್ಪು, ತರಕಾರಿ ಎಲ್ಲ ವರ್ಜ್ಯ ಎಂದು ತಿಂಗಳುಗಟ್ಟಲೆ ಬರೀ ಅನ್ನ-ಮೆಣಸಿನ ಸಾರು ಹಾಕುವ ಮನೆಗಳು ಇದನ್ನು ಗಮನಿಸಬೇಕು. ಒಲ್ಲದ ತಿನಿಸನ್ನು ಒಪ್ಪಲು ಮಗುವಿಗೆ ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ಅದರ ರುಚಿ ಸಿಗಬೇಕಾಗುತ್ತದೆ ಎಂದೂ ಸಂಶೋಧನೆಗಳು ಹೇಳುತ್ತವೆ. ನಾವು ಮೂರು ಸಲಕ್ಕೇ ಕೈಚೆಲ್ಲಿ, ‘ಇವನಿಗೆ ಸೊಪ್ಪು ಆಗಲ್ಲ’ ಎಂದು ನೆಂಟರ ಮುಂದೆ ಷರಾ ಬರೆದುಬಿಡುತ್ತೇವೆ. ಮಗು ಅದನ್ನು ಕೇಳಿಸಿಕೊಳ್ಳುತ್ತದೆ, ನಂಬುತ್ತದೆ.

ಹಾಗಾದರೆ ದಾರಿ ಯಾವುದು? ಪೇಟೆಯಿಂದ ಓಟ್ಸ್, ಬ್ರೊಕೊಲಿ ತಂದು ಸುರಿಯುವುದಂತೂ ಅಲ್ಲ. ಒಲ್ಲೆ ಎನ್ನುವವರು ಈಗಾಗಲೇ ಇಷ್ಟಪಟ್ಟು ತಿನ್ನುವ ಒಂದು ಅಡುಗೆಯನ್ನು ಹಿಡಿದು, ಅದರಲ್ಲಿ ಒಂದೇ ಒಂದನ್ನು ಬದಲಿಸುತ್ತ ಹೋಗಬೇಕು. ಬಯಲುಸೀಮೆಯ ಅಡುಗೆಮನೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಬಸ್ಸಾರನ್ನೇ ನೋಡಿ. ದಂಟಿನ ಸೊಪ್ಪು, ಕೀರೆ, ನುಗ್ಗೆಸೊಪ್ಪು, ಯಾವುದಾದರೂ ಸರಿ, ಅಲಸಂದೆಯನ್ನೋ ಅವರೆಕಾಳನ್ನೋ ಜೊತೆಗಿಟ್ಟು ಬೇಯಿಸಿ ಕಟ್ಟು ಬಸಿಯುತ್ತಾರೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಜೀರಿಗೆ, ಮೆಣಸಿನಕಾಯಿಯೊಂದಿಗೆ ಒಂದು ಹಿಡಿ ಬೆಂದ ಸೊಪ್ಪು-ಕಾಳನ್ನೂ ನುಣ್ಣಗೆ ರುಬ್ಬಿ, ಹುಣಸೆಹುಳಿ ಸೇರಿಸಿ ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಸೊಪ್ಪಿನ ನಾರು ಹಲ್ಲಿಗೆ ಸಿಕ್ಕರೆ ಉಗುಳುವ ಹುಡುಗ ಪಲ್ಯ ಬಿಟ್ಟರೂ ಸಾರು ಬಿಡುವುದಿಲ್ಲ. ನೀರಿಗಿಳಿದ ಸತ್ವ, ರುಬ್ಬಿದ ಕಾಳು ಎರಡೂ ಅವನ ಹೊಟ್ಟೆ ಸೇರುತ್ತವೆ. ವಾರ ಕಳೆದಂತೆ ರುಬ್ಬುವ ಹಿಡಿ ಒಂದೂವರೆಯಾಗಲಿ, ಎರಡಾಗಲಿ. ಇನ್ನೂ ಮುಂದಕ್ಕೆ ಹೋದರೆ ಮಸ್ಸೊಪ್ಪು: ಬೇಳೆಯೊಂದಿಗೆ ಬೆಂದ ಬೆರಕೆ ಸೊಪ್ಪನ್ನು ಮಸೆದು ಮಾಡುವ ಅದರಲ್ಲಿ ಆರಿಸಿ ಎತ್ತಿಡಲು ಎಲೆಯೇ ಸಿಗದು. ಮೇಲೊಂದಿಷ್ಟು ನಿಂಬೆಹುಳಿ ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ. ಮಕ್ಕಳಿಗೆ ಬೆಳಗ್ಗೆ ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಟ್ಟು ಶಾಲೆಗೆ ಕಳಿಸುವ ರೂಢಿ ಹಸಿವನ್ನೂ ಕೆಡಿಸುತ್ತದೆ, ರಕ್ತವನ್ನೂ.

ರಕ್ತದ ಮಾತು ಸುಮ್ಮನೆ ಬಂದದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ.

ಸೊಪ್ಪಿನಂತೆಯೇ ಮಕ್ಕಳು ಒಲ್ಲೆ ಎನ್ನುವ ಇನ್ನೊಂದು ಊಟ ರಾಗಿಮುದ್ದೆ. ಅದರ ವಿಷಯದಲ್ಲಿ ಸಮಸ್ಯೆ ರುಚಿಯದ್ದಲ್ಲ, ಬಾಯಿಗೆ ಅಂಟುವ ಗುಣದ್ದು. ಮುದ್ದೆಯನ್ನು ಅಗಿಯದೆ ನುಂಗಬೇಕು, ಅದು ಚಿಕ್ಕವರಿಗೆ ಸುಲಭವಲ್ಲ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದಂಶವಿದೆ, ಪಾಲಿಶ್ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಇಂಥ ಧಾನ್ಯವನ್ನು ಮುದ್ದೆಯೊಂದರ ಕಾರಣಕ್ಕೆ ಬಿಟ್ಟುಬಿಡುವುದೇಕೆ? ಈರುಳ್ಳಿ, ನುಗ್ಗೆಸೊಪ್ಪು ಹಾಕಿ ತಟ್ಟಿದ ಗರಿಗರಿ ರಾಗಿರೊಟ್ಟಿ ಇದೆ. ಅರಳು ಹುರಿದು ಬೀಸಿದ ಹುರಿಹಿಟ್ಟಿಗೆ ಬೆಲ್ಲ, ಕಾಯಿತುರಿ ಕಲಸಿದರೆ ಸಂಜೆಯ ತಿಂಡಿ. ದೋಸೆಹಿಟ್ಟಿನ ಅಕ್ಕಿಯಲ್ಲಿ ಕಾಲುಭಾಗ ತೆಗೆದು ನವಣೆ ಹಾಕಿದರೆ ಗುರುತು ಹಿಡಿಯುವವರು ಅಪರೂಪ. ಆದರೆ ಮುಚ್ಚಿಟ್ಟು ತಿನ್ನಿಸುವುದನ್ನೇ ಅಭ್ಯಾಸ ಮಾಡಬಾರದು. ತಿಂದ ಮೇಲೆ ‘ಇದು ನವಣೆದು’ ಎಂದು ಹೇಳಬೇಕು. ಇಲ್ಲದಿದ್ದರೆ ಮಗು ಮುಂದಿನ ಸಲ ಅಮ್ಮನನ್ನೇ ನಂಬುವುದಿಲ್ಲ.

ದೊಡ್ಡವರದ್ದೂ ಇದೇ ಪಾಡು. ಐವತ್ತು ದಾಟಿ ಸಕ್ಕರೆ ಕಾಯಿಲೆ ಬಂದ ಮೇಲೂ ತರಕಾರಿ ಮುಟ್ಟದ ಗಂಡಸರು ಈ ತಾಲ್ಲೂಕುಗಳಲ್ಲಿ ಕಡಿಮೆಯಿಲ್ಲ. ಅವರ ಪ್ರೀತಿಯ ಮಂಡಕ್ಕಿ ಒಗ್ಗರಣೆಯನ್ನು ಕಿತ್ತುಕೊಂಡರೆ ಅವರು ಹೋಟೆಲಿಗೆ ಹೋಗಿ ತಿನ್ನುತ್ತಾರೆ. ಅದೇ ಒಗ್ಗರಣೆಗೆ ಮಂಡಕ್ಕಿ ಕಮ್ಮಿ ಮಾಡಿ ಈರುಳ್ಳಿ, ಟೊಮೆಟೊ, ಮೊಳಕೆ ಹೆಸರುಕಾಳು, ಶೇಂಗಾ ಹೆಚ್ಚಿಸುವುದು ಜಾಣತನ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಮಾರ್ಗಸೂಚಿ, ತಟ್ಟೆಯ ಅರ್ಧಭಾಗ ತರಕಾರಿ, ಸೊಪ್ಪು, ಹಣ್ಣು, ಗಡ್ಡೆಗೆಣಸು ಇರಲಿ ಎನ್ನುತ್ತದೆ. ಒಂದೇ ಜಿಗಿತಕ್ಕೆ ಅಲ್ಲಿಗೆ ಮುಟ್ಟಬೇಕೆಂದು ಯಾರೂ ಹೇಳಿಲ್ಲ.

ಹೊಡೆದು, ಮೂಗು ಹಿಡಿದು ತುರುಕುವುದು ಮಾತ್ರ ನಿಲ್ಲಲೇಬೇಕು. ಅಮೆರಿಕದ ಪೋಷಣಾತಜ್ಞೆ ಎಲಿನ್ ಸ್ಯಾಟರ್ ಹಾಕಿಕೊಟ್ಟ ಕ್ರಮ ನಮ್ಮ ಮನೆಗಳಿಗೂ ಹೊಂದುತ್ತದೆ: ಏನು, ಯಾವಾಗ, ಎಲ್ಲಿ ಬಡಿಸಬೇಕು ಎಂಬುದು ಹಿರಿಯರ ಜವಾಬ್ದಾರಿ, ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದು ಮಗುವಿನದು. ತೂಕ ಇಳಿಯುತ್ತಿದ್ದರೆ, ಐದಾರು ಪದಾರ್ಥಕ್ಕಿಂತ ಹೆಚ್ಚು ತಿನ್ನದಿದ್ದರೆ, ನುಂಗಲು ಹೆದರುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಕಾಯಿಲೆಯ ಮಟ್ಟಕ್ಕೆ ಹೋದ ಇಂಥ ಊಟದ ಅಂಜಿಕೆಯನ್ನು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ.

ಮನೆಯಲ್ಲಿ ಒಲ್ಲೆ ಎನ್ನುವ ಮಗು ಶಾಲೆಯ ಸಾಲಿನಲ್ಲಿ ಕೂತಾಗ ತಿನ್ನುವುದನ್ನು ಶಿಕ್ಷಕರು ಕಂಡಿದ್ದಾರೆ. ಪಕ್ಕದ ಗೆಳತಿ ತಿಂದರೆ ತಾನೂ ತಿನ್ನುತ್ತದೆ. ಹಾಗಾಗಿ ಆಯ್ದು ತಿನ್ನುವ ಮಕ್ಕಳ ಮಟ್ಟಿಗೆ ಬಿಸಿಯೂಟಕ್ಕಿಂತ ದೊಡ್ಡ ಅವಕಾಶ ಬೇರೆ ಇಲ್ಲ. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಎಂಬ ಈ ಬಿಸಿಯೂಟ ಯೋಜನೆ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು, 2024ರ ಫೆಬ್ರುವರಿಯಿಂದ ವಾರಕ್ಕೆ ಮೂರು ದಿನ ಆ ಹಾಲಿಗೆ ರಾಗಿ ಮಾಲ್ಟ್, ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಇದೆಲ್ಲ ಮೆಚ್ಚತಕ್ಕ ಕೆಲಸ. ಆದರೆ ಊಟದ ತಿರುಳು ಇಂದಿಗೂ ಅನ್ನ-ಸಾಂಬಾರು. ನಾಲಿಗೆ ರೂಢಿಯಾಗುವ ವಯಸ್ಸಿನಲ್ಲಿ ಊರಿನ ಧಾನ್ಯದ ರುಚಿಯೇ ಸಿಗದಿದ್ದರೆ ಮುಂದೆ ಅದು ಬೇಕೆನಿಸುವುದು ಹೇಗೆ?

ವಾರಕ್ಕೊಂದು ದಿನ ಹೊಸದುರ್ಗದ ಶಾಲೆಗಳಲ್ಲಿ ಸಾವೆ ಬಿಸಿಬೇಳೆಬಾತ್, ಹಿರಿಯೂರಿನಲ್ಲಿ ಶೇಂಗಾ ಚಟ್ನಿಯೊಂದಿಗೆ ರಾಗಿರೊಟ್ಟಿ, ಹೊಳಲ್ಕೆರೆಯಲ್ಲಿ ಬಸ್ಸಾರು ಬಡಿಸಲು ತಾಲ್ಲೂಕು ಮಟ್ಟದಲ್ಲೇ ತೀರ್ಮಾನಿಸುವ ಸ್ವಾತಂತ್ರ್ಯ ಕೊಡಬೇಕು. ಧಾನ್ಯವನ್ನು ಆಯಾ ತಾಲ್ಲೂಕಿನ ರೈತರಿಂದಲೇ ಕೊಂಡರೆ ಅವರಿಗೂ ಖಾತ್ರಿಯ ಮಾರುಕಟ್ಟೆ. ತಳಿ, ಸಂಸ್ಕರಣೆ, ಅಡುಗೆ ತರಬೇತಿಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಆದೇಶ ಹೊರಡಿಸುವ ಮುನ್ನ ಅಧಿಕಾರಿಗಳು ಅಡುಗೆಯವರನ್ನು ಕೇಳಬೇಕು. ನೂರು ಮಕ್ಕಳಿಗೆ ಸೊಪ್ಪು ಸೋಸಿ, ಬೇಯಿಸಿ, ಮಸಾಲೆ ರುಬ್ಬಲು ಇನ್ನೊಂದು ಜೊತೆ ಕೈ ಬೇಕು, ದೊಡ್ಡ ಗ್ರೈಂಡರ್ ಬೇಕು, ಗೌರವಧನವೂ ಅದಕ್ಕೆ ತಕ್ಕಂತೆ ಏರಬೇಕು. ಇವಿಷ್ಟಕ್ಕೆ ಮುಂದಿನ ಬಜೆಟ್ಟಿನಲ್ಲೇ ಹಣ ತೆಗೆದಿಡುವಂತೆ ಜಿಲ್ಲೆಯ ಶಾಸಕರು ಸರ್ಕಾರವನ್ನು ಒತ್ತಾಯಿಸಲಿ.